ದೊಡ್ಡೋರು ಕೆರೆಗೆ ಬಂದ ಬೆಳಿಗ್ಗೆ

ಆಗಿನ್ನೂ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳ ಹಿಂದೆ ನೀಲಗಿರಿ ತೋಪಿತ್ತು. ಅದರಾಚೆ ಕೆರೆ, ಸುತ್ತ ರಾಗಿ ಹೊಲ. ನಾವು ಕಾಡನ್ನೇ ನಂಬಿ ಬದುಕಿದ ಇರುಳಿಗರು. ಅಪ್ಪನಿಗೆ ಒಂದು ಕಂಪನಿಯ ತೋಟದಲ್ಲಿ ಕೆಲಸ ಸಿಕ್ಕಿದ್ದರಿಂದ ಬನ್ನೇರುಘಟ್ಟದ ಕಾಡಂಚಿನಿಂದ ಸಿಂಗಸಂದ್ರದ ಶೀಟಿನ ಮನೆಗೆ ಬಂದಿದ್ದೆವು. ಅಜ್ಜಿಯೂ ಜೊತೆಗೆ ಬಂದಳು.

ಅಜ್ಜಿಗೆ ಜೋರಾಗಿ ಮಾತಾಡುವ ಅಭ್ಯಾಸವಿರಲಿಲ್ಲ. ಕಾಡಿನಲ್ಲಿ ಕೂಗಿದರೆ ಯಾರು ಓಗೊಡುತ್ತಾರೋ ಹೇಳಲಾಗದು, ಅದಕ್ಕೇ ನಮ್ಮವರ ದನಿ ಸಣ್ಣದು ಎನ್ನುತ್ತಿದ್ದಳು. ಆನೆಯನ್ನು ಆನೆ ಎನ್ನುತ್ತಿರಲಿಲ್ಲ, 'ದೊಡ್ಡೋರು' ಎನ್ನುತ್ತಿದ್ದಳು. ತರಗೆಲೆ ಸದ್ದಾಗದಂತೆ ನಡೆಯುವುದು ನಮ್ಮಿಬ್ಬರ ಆಟ. ಗೆದ್ದರೆ ಕೆಂಡದಲ್ಲಿ ಸುಟ್ಟ ಕಾಡುಗೆಣಸು. ಕರಿ ಸಿಪ್ಪೆ ಸುಲಿದರೆ ಬಿಸಿ ಹಬೆ, ಮಣ್ಣು ಬೆರೆತ ಸಿಹಿ ಘಮ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ರಾಗಿ ತೆನೆ ಬಲಿತಿದ್ದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ತೋಪಿನಂಚಿಗೆ ಗೆಣಸು ಅಗೆಯಲು ಹೋದೆವು. ಮಂಜು ಇನ್ನೂ ಕರಗಿರಲಿಲ್ಲ. ಅಗೆಯುತ್ತಿದ್ದ ಅಜ್ಜಿ ತಟ್ಟನೆ ಕೈ ನಿಲ್ಲಿಸಿ ಮೂಗು ಎತ್ತಿದಳು. ನನಗೂ ಹಸಿ ಲದ್ದಿಯ ವಾಸನೆ ಬಂತು.

"ದೊಡ್ಡೋರು ಬಂದವ್ರೆ," ಎಂದಳು. "ಗಾಳಿ ನಮ್ ಕಡೀಕೇ ಬೀಸ್ತಾ ಐತೆ, ನಮ್ ವಾಸ್ನೆ ಅವ್ರಿಗೆ ಓಗಾಕಿಲ್ಲ. ಮೆಲ್ಲಕೆ ಇಂದಕ್ ಬಾ."

ಕೆರೆಯಂಚಿನಲ್ಲಿ ಒಂಟಿ ಆನೆ ನೀರು ಕುಡಿಯುತ್ತಿತ್ತು. ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದೆವು. ಅಷ್ಟರಲ್ಲಿ ಕೆರೆ ಏರಿಯ ಮೇಲೆ ಬೈಕುಗಳು ನಿಂತವು. ಜನ ಸೇರಿದರು. ಯಾರೋ ಸಿಳ್ಳೆ ಹಾಕಿದರು, ಇನ್ಯಾರೋ ಪಟಾಕಿ ಹಚ್ಚಿ ಎಸೆದರು. ಆನೆ ಬೆದರಿ ನಮ್ಮತ್ತಲೇ ತಿರುಗಿತು.

ಅಜ್ಜಿ ನನ್ನನ್ನು ಎರಡು ಬಂಡೆಗಳ ಸಂದಿಗೆ ತಳ್ಳಿದಳು. ಅಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಅವಳು ಪಕ್ಕದ ಕಾಲುವೆಗೆ ಬಿದ್ದದ್ದಷ್ಟೇ ಕಂಡಿತು. ನೆಲ ಅದುರಿತು, ಮರವೊಂದು ಲಟಕ್ಕನೆ ಮುರಿಯಿತು. ಬೂದುಬಣ್ಣದ ಕಾಲುಗಳು ಬಂಡೆಯನ್ನು ಸವರಿಕೊಂಡು ಹೋದವು. ನನ್ನ ಲಂಗ ಒದ್ದೆಯಾಗಿತ್ತು. ಬಾಯಿಗೆ ಮುಷ್ಟಿ ಒತ್ತಿಕೊಂಡಿದ್ದೆ.

ಧೂಳು ಇಳಿದರೂ ಅಜ್ಜಿಯ ಸದ್ದಿಲ್ಲ. ನಾನು ಉಸಿರಿನಲ್ಲೇ ಕರೆದೆ.

"ಇಲ್ಲೇ ಇವ್ನಿ ಮಗಾ. ಈಗ್ಲೇ ಎದ್ದೇಳ್ಬ್ಯಾಡ."

ಆಮೇಲೆ ನನ್ನನ್ನು ಎಳೆದುಕೊಂಡಾಗ ಅವಳ ಮೈಯೆಲ್ಲ ನಡುಗುತ್ತಿತ್ತು. ಅಜ್ಜಿ ನಡುಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಏರಿಯ ಮೇಲೆ ಜನ ಇನ್ನೂ ಕೇಕೆ ಹಾಕುತ್ತಿದ್ದರು.

"ದೊಡ್ಡೋರು ಎತ್ತಗ್ ತಿರುಗ್ತಾರೆ ಅಂತ ನಂಗೊತ್ತಾಯ್ತದೆ," ಎಂದಳು. "ಈ ಜನದ್ದು ಗೊತ್ತಾಗಾಕಿಲ್ಲ."

ಮಧ್ಯಾಹ್ನದ ಹೊತ್ತಿಗೆ ಅರಣ್ಯ ಇಲಾಖೆಯವರು ಬಂದು ಆನೆಯನ್ನು ಕಾಡಿನ ಕಡೆ ಅಟ್ಟಿದರಂತೆ. ಅಜ್ಜಿ ಮತ್ತೆ ತೋಪಿನ ಕಡೆ ಹೋಗಲಿಲ್ಲ, ನನ್ನನ್ನೂ ಬಿಡಲಿಲ್ಲ. ಶೀಟಿನ ಮನೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ರಸ್ತೆಯಲ್ಲಿ ಯಾರಾದರೂ ಕೂಗಿದರೆ ಬೆಚ್ಚಿಬೀಳುತ್ತಿದ್ದಳು. ಕೆಲವು ವರ್ಷಕ್ಕೆ ಅದೇ ಮನೆಯಲ್ಲಿ ತೀರಿಕೊಂಡಳು.

ಆ ಭಾನುವಾರಕ್ಕೂ ಮೊದಲು ಅಜ್ಜಿ, ಮುಂದಿನ ಮಳೆಗಾಲಕ್ಕೆ ಯಾವ ಬಳ್ಳಿಯ ಗೆಡ್ಡೆ ತಿನ್ನಬಹುದು, ಯಾವುದು ವಿಷ ಎಂದು ಎಲೆ ನೋಡಿ ಗುರುತಿಸುವುದನ್ನು ಕಲಿಸುತ್ತೇನೆ ಎಂದಿದ್ದಳು. ಈಗ ತೋಪಿದ್ದ ಕಡೆ ಅಪಾರ್ಟ್‌ಮೆಂಟುಗಳಿವೆ. ಅವುಗಳ ಕಾಂಪೌಂಡಿನ ಮೇಲೆ ಒಮ್ಮೊಮ್ಮೆ ಯಾವುದೋ ಕಾಡುಬಳ್ಳಿ ಹಬ್ಬಿರುತ್ತದೆ. ಎಲೆಯೊಂದನ್ನು ಕಿತ್ತು ತಿರುಗಿಸಿ ನೋಡುತ್ತೇನೆ. ಏನೂ ತಿಳಿಯುವುದಿಲ್ಲ. ಕೇಳೋಣವೆಂದರೆ ನಮ್ಮ ಮನೆಯಲ್ಲಿ ಬಲ್ಲವರು ಯಾರೂ ಉಳಿದಿಲ್ಲ.