ಕೆರೆ ಏರಿಯ ಮೇಲೆ ಲೈನ್ ಕ್ಲಿಯರ್

ಅರಸೀಕೆರೆಯ ರೈಲ್ವೆ ಯಾರ್ಡಿನ ಒಂದು ಮೂಲೆಯಲ್ಲಿ, ತಗಡಿನ ಶೆಡ್ಡಿನೊಳಗೆ, ಅಪ್ಪ ಮತ್ತು ಅವರ ಸ್ನೇಹಿತರ ಮ್ಯೂಸಿಯಂ ಇತ್ತು. ಮ್ಯೂಸಿಯಂ ಅನ್ನುತ್ತಿದ್ದವರು ಅವರಷ್ಟೇ. ಊರಿನವರ ಬಾಯಲ್ಲಿ ಅದು ಹಳೇ ಗಾಡಿ ಶೆಡ್ಡು. ಮೀಟರ್ ಗೇಜ್ ಹಳಿಗಳನ್ನು ಕಿತ್ತು ಅಗಲದ ಹಳಿ ಹಾಕಿದ ಕಾಲದಲ್ಲಿ ಗುಜರಿಗೆ ಹೋಗಬೇಕಿದ್ದ ಸಾಮಾನುಗಳನ್ನು ಅವರು ಒಂದೊಂದಾಗಿ ಕೇಳಿ ಪಡೆದು ಅಲ್ಲಿ ಇಟ್ಟಿದ್ದರು: ಸೀಮೆಎಣ್ಣೆ ದೀಪಗಳು, ಸಿಗ್ನಲ್ಲಿನ ಎರಡು ಕೈಮರಗಳು, ಹಳಿಯ ಮೇಲೆ ತಳ್ಳಿಕೊಂಡು ಹೋಗುವ ಟ್ರಾಲಿ, ಟೋಕನ್ ಪೆಟ್ಟಿಗೆಗಳು. ಎಲ್ಲಕ್ಕಿಂತ ದೊಡ್ಡದು ಮರದ ಸೀಟುಗಳ ಒಂದು ಬೋಗಿ. ಟಿಕೆಟ್ಟಿರಲಿಲ್ಲ, ಸಂಬಳದವರೂ ಇರಲಿಲ್ಲ. ನಿವೃತ್ತರಾದವರು ಸರದಿಯ ಮೇಲೆ ಬಂದು ಧೂಳು ಒರೆಸುತ್ತಿದ್ದರು. ಮಾಲೇಕಲ್ಲು ತಿರುಪತಿಯ ದೇವರಿಗೆ ಬಂದವರು ವಾಪಸ್ ರೈಲಿಗೆ ಹೊತ್ತು ಕಳೆಯಲು ಒಳಗೆ ಬರುತ್ತಿದ್ದರು. ಮಕ್ಕಳು ಬೋಗಿ ಹತ್ತಿ ಕಿಟಕಿಯ ಪಕ್ಕ ಕೂರುತ್ತಿದ್ದರು, ಇನ್ನೇನು ಹೊರಡುತ್ತದೆ ಎನ್ನುವ ಹಾಗೆ.

ಅಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅವರ ಜೊತೆಗಾರರಲ್ಲಿ ಮುಖ್ಯರಾದವರು ಗೂಡ್ಸ್ ಗಾಡಿಗಳ ಗಾರ್ಡ್ ಆಗಿದ್ದ ಒಬ್ಬರು. ನಾನು ಚಿಕ್ಕಂದಿನಿಂದ ಅವರನ್ನು ಗಾರ್ಡ್ ಮಾವ ಎಂದೇ ಕರೆಯುತ್ತೇನೆ. ಇಬ್ಬರೂ ಪರಸ್ಪರ ಬೈದುಕೊಳ್ಳದೆ ಒಂದು ಕೆಲಸವನ್ನೂ ಮುಗಿಸಿದ್ದು ನಾನು ನೋಡಿಲ್ಲ.

ಹೊಸ ಹಳಿಗಳಿಗೆ ಶೆಡ್ಡಿನ ಜಾಗ ಬೇಕಾಯಿತು. ತಪ್ಪು ಯಾರದ್ದೂ ಅಲ್ಲ. ರೈಲುಗಳು ಹೆಚ್ಚಿದ್ದವು, ಜಾಗ ಇದ್ದಷ್ಟೇ ಇತ್ತು. ಸಾಮಾನು ಸಾಗಿಸಲು ಸಾಕಷ್ಟು ಕಾಲಾವಕಾಶವನ್ನೂ ಕೊಟ್ಟಿದ್ದರು. ಆದರೆ ಬೋಗಿಯನ್ನು ಇಡುವಷ್ಟು ಜಾಗ ಊರಿನಲ್ಲಿ ಯಾರೂ ಕೊಡಲಿಲ್ಲ. ಕೊಬ್ಬರಿ ಮಂಡಿಯವರನ್ನು ಕೇಳಿದರು, ಶಾಲೆಗಳನ್ನು ಕೇಳಿದರು. ಎಲ್ಲರೂ ದೀಪಗಳನ್ನು ಬೇಕಾದರೆ ಇಟ್ಟುಕೊಳ್ಳುತ್ತೇವೆ ಎಂದರು. ಗಡುವು ಮುಗಿದ ಮೇಲೆ ಶೆಡ್ಡಿನಲ್ಲಿ ಏನು ಉಳಿದಿರುತ್ತದೋ ಅದು ಗುಜರಿಗೆ. ಬೋಗಿಯನ್ನು ಗ್ಯಾಸ್ ಕಟರಿನಲ್ಲಿ ತುಂಡು ಮಾಡಿ ಒಯ್ಯುತ್ತಾರೆ. ಅಪ್ಪ ಆ ವಿಷಯವನ್ನು ಮನೆಯಲ್ಲಿ ಒಮ್ಮೆ ಮಾತ್ರ ಹೇಳಿದರು. ಆಮೇಲೆ ಊಟದ ಹೊತ್ತಿನಲ್ಲಿ ಹವಾಮಾನದ ಮಾತಾಡತೊಡಗಿದರು. ಅವರು ಹವಾಮಾನದ ಮಾತಾಡುವವರಲ್ಲ.

ನಾನು ಬೇಲೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ದಿನವೂ ಜಾವಗಲ್, ಹಳೇಬೀಡು ದಾಟಿ ಹೋಗುವ ಬಸ್ಸು. ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡುವುದಿಲ್ಲ, ಕಿಟಕಿಯಾಚೆ ನೋಡುತ್ತೇನೆ. ಹಾಗೆ ನೋಡುತ್ತಲೇ, ಹಳೇಬೀಡು ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡ ಒಂದು ತೆಂಗಿನ ತೋಟದ ಮುಂದೆ ಉದ್ದನೆಯ ಖಾಲಿ ಪಟ್ಟಿ ಇರುವುದು ನನಗೆ ಗೊತ್ತಿತ್ತು. ಅಲ್ಲೊಂದು ಎಳನೀರಿನ ಅಂಗಡಿ. ಹುಲಿಕೆರೆಯ ಕೊಳಕ್ಕೆ ದಾರಿ ಕೇಳುವವರು ಅಲ್ಲೇ ಕಾರು ನಿಲ್ಲಿಸುತ್ತಾರೆ. ಒಂದು ಸಂಜೆ ಕಾಲೇಜು ಮುಗಿಸಿ ಬರುವಾಗ ಇಳಿದೇಬಿಟ್ಟೆ.

ತೋಟವೂ ಅಂಗಡಿಯೂ ಒಬ್ಬ ಹೆಂಗಸಿನದು. ಅಮ್ಮನಿಗಿಂತ ಸ್ವಲ್ಪ ದೊಡ್ಡವರು. ನಾನು ಮೊದಲೇ ಯೋಚಿಸಿಟ್ಟಿದ್ದ ವಾಕ್ಯಗಳನ್ನು ಕ್ರಮವಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನನಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದರು. ಇಲ್ಲ ಎಂದೆ. ಯಾಕೆ ಎಂದರು. ಬೋಗಿ ತೋಟಕ್ಕೆ ಬರುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕೆನಿಸಿತು. ಎಳನೀರು ಕುಡಿದೆ. ಕೊನೆಗೆ ಅವರೇ ಲೆಕ್ಕ ಹಾಕಿದರು.

"ದೇವಸ್ಥಾನ ನೋಡ್ಕೊಂಡ್ ಬಂದೋರು ಸುಮ್ನೆ ಹೊಂಟೋಯ್ತಾರೆ ಕಣವ್ವ. ರೈಲಿದ್ರೆ ನಿಂತ್ಕತಾರೆ. ನಿಂತ್ಕಂಡ್ರೆ ಬಾಯಾರ್ತೈತೆ. ತಕಂಬನ್ನಿ."

ಮರಗಳಿಗೆ ಏಟಾಗಬಾರದು ಎಂಬುದೊಂದೇ ಅವರ ಷರತ್ತು. ಅಪ್ಪ ಎರಡು ಸಲ ಹೋಗಿ ಅಳತೆ ತೆಗೆದುಕೊಂಡು ಬಂದರು. ಗಾರ್ಡ್ ಮಾವ ಮೂರನೆಯ ಸಲ ಹೋಗಿ ಅಪ್ಪನ ಅಳತೆಯನ್ನು ಅಳೆದು ಬಂದರು.

ಚಿಕ್ಕ ಸಾಮಾನುಗಳು ಗೂಡ್ಸ್ ಆಟೋದಲ್ಲಿ, ತೆಂಗಿನಕಾಯಿ ಇಳಿಸಿ ಖಾಲಿ ಹೋಗುವ ಲಾರಿಗಳಲ್ಲಿ ಮೊದಲೇ ತೋಟ ಸೇರಿದವು. ಬೋಗಿ ನಿಲ್ಲಲು ತುಂಡು ಹಳಿಯನ್ನೂ ಅಲ್ಲಿ ಹಾಸಿಯಾಯಿತು. ಬೋಗಿ ಮಾತ್ರ ಕೊನೆಯ ಭಾನುವಾರಕ್ಕೆ ಉಳಿಯಿತು. ಅದಕ್ಕೆ ಮುಂಚೆ ಅಷ್ಟುದ್ದದ ಟ್ರೇಲರ್ ಸಿಗಲಿಲ್ಲ, ಟ್ರೇಲರ್ ಸಿಕ್ಕಾಗ ಕ್ರೇನ್ ಸಿಗಲಿಲ್ಲ. ಮರುದಿನ ಬೆಳಗ್ಗೆ ಶೆಡ್ಡು ಒಡೆಯುವವರು ಬರುವುದು ಖಚಿತವಾಗಿತ್ತು. ತೋಟದಲ್ಲಿ ಬೋಗಿಯನ್ನು ಇಳಿಸಬೇಕಾದ ಕ್ರೇನಿನವನು, ಹೊತ್ತು ಮುಳುಗುವವರೆಗೆ ಇರುತ್ತೇನೆ, ಆಮೇಲೆ ಬೇರೆ ಊರಿನ ಕೆಲಸವಿದೆ ಎಂದು ಮೊದಲೇ ಹೇಳಿದ್ದ. ಆ ಭಾನುವಾರ ತಪ್ಪಿದರೆ ಬೋಗಿ ಇರುವುದಿಲ್ಲ. ಅಷ್ಟು ಸರಳವಾಗಿತ್ತು.

ಚಕ್ರ ಕಳಚಿ ಟ್ರೇಲರಿಗೆ ಏರಿಸಿದ ಬೋಗಿ ಶೆಡ್ಡಿನಿಂದ ಹೊರಬಂದಾಗ ಗಾರ್ಡ್ ಮಾವ ವಿಸಿಲ್ ಊದಿದರು, ಅಪ್ಪ ಹಸಿರು ಬಾವುಟ ತೋರಿಸಿದರು. ಟ್ರೇಲರಿನ ಡ್ರೈವರು ತುಮಕೂರು ಕಡೆಯವನು. ಬಾವುಟ ನೋಡಿ ನಕ್ಕ. ಆಮೇಲೆ ಅವನಿಗೂ ಅಭ್ಯಾಸವಾಯಿತು. ಮುಂದೆ ಬೈಕಿನಲ್ಲಿ ಇಬ್ಬರು, ಕೆಳಗಿಳಿದ ಕರೆಂಟಿನ ತಂತಿಗಳನ್ನು ಎತ್ತಿ ಹಿಡಿಯಲು ಬಿದಿರಿನ ಗಳ ಇಟ್ಟುಕೊಂಡು. ಅವರ ಹಿಂದೆ ಕಾರಿನಲ್ಲಿ ಅಪ್ಪ ಮತ್ತು ನಾನು. ಆಮೇಲೆ ಟ್ರೇಲರ್. ಕೊನೆಯಲ್ಲಿ ಬೋಗಿಯ ಚಕ್ರಗಳನ್ನು ಹೊತ್ತ ಲಾರಿ, ಅದರಲ್ಲಿ ಗಾರ್ಡ್ ಮಾವ. ಗಾರ್ಡ್ ಗಾಡಿಯ ಕೊನೆಯಲ್ಲೇ ಇರಬೇಕು ಎಂದು ಅವರೇ ಆ ಜಾಗ ಆರಿಸಿಕೊಂಡಿದ್ದರು.

ಜಾವಗಲ್‌ವರೆಗೆ ಎಲ್ಲವೂ ಸುಸೂತ್ರ. ಅದು ಕಳೆದ ಮೇಲೆ ರಸ್ತೆ ಕಿರಿದಾಗಿ ಒಂದು ಕೆರೆಯ ಏರಿ ಹತ್ತುತ್ತದೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಆಳದಲ್ಲಿ ಗದ್ದೆ. ಏರಿಯ ನಡುವೆ ತಿರುವು, ತಿರುವಿನಲ್ಲಿ ಮರಗಳು. ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣುವುದಿಲ್ಲ. ಅಪ್ಪ ಕಾರಿನಿಂದಿಳಿದರು. ತಿರುವಿನವರೆಗೆ ರಸ್ತೆ ಖಾಲಿ ಇತ್ತು. ಬಾವುಟ ಎತ್ತಿದರು. ಟ್ರೇಲರ್ ಏರಿ ಹತ್ತಿ, ತಿರುವಿನ ಹತ್ತಿರ ಹೋಗಿ, ಬ್ರೇಕು ಹಾಕಿ ನಿಂತಿತು. ಎದುರಿಗೆ ಬೇಲೂರಿನಿಂದ ಬರುತ್ತಿದ್ದ ಬಸ್ಸು. ಬಸ್ಸಿನ ಹಿಂದೆ ತೆಂಗಿನಕಾಯಿ ತುಂಬಿದ ಟ್ರಾಕ್ಟರು, ಅದರ ಹಿಂದೆ ಕಾರುಗಳು.

ಟ್ರೇಲರ್ ಡ್ರೈವರು ಇಳಿದು ಬಂದ. ಕೋಪ ಮಾಡಿಕೊಳ್ಳಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

"ಯಜಮಾನ್ರೇ, ನನಗೆ ಹಸಿರು ಬಾವುಟ ತೋರಿಸಿದ್ರಿ. ಆ ಬಸ್ಸಿಗೂ ನೀವೇ ತೋರಿಸಿದ್ರಾ?"

ಲಾರಿಯಿಂದ ಗಾರ್ಡ್ ಮಾವ ಓಡುತ್ತಾ ಬಂದರು. "ಏನ್ಲಾ, ಆ ತುದೀಲಿ ಯಾರನ್ನ ನಿಲ್ಸಿದೀಯ?"

"ನೀನು ಕಳಿಸಿಲ್ವಾ?"

"ನಾನ್ಯಾಕ್ ಕಳಿಸ್ಲಿ? ಸ್ಟೇಷನ್ ಮಾಸ್ಟ್ರು ನಾನಾ, ನೀನಾ?"

ಗಳ ಹಿಡಿದ ಇಬ್ಬರು ಆ ತುದಿಯಲ್ಲಿ ವಾಹನಗಳನ್ನು ತಡೆದಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಏರಿಯ ಮೇಲೆ ತಂತಿಗಳಿಲ್ಲವೆಂದು ಅವರು ಮುಂದೆ ಹೋಗಿ ಟೀ ಕುಡಿಯುತ್ತಿದ್ದರಂತೆ. ಇದು ರೈಲಿನವರು ಮಾತ್ರ ಮಾಡಬಹುದಾದ ತಪ್ಪು. ಒಂಟಿ ಹಳಿಯ ಮೇಲೆ ಎರಡು ಸ್ಟೇಷನ್ನುಗಳ ನಡುವೆ ಒಂದೇ ಗಾಡಿ ಇರಬೇಕು. ಮುಂದಿನ ಸ್ಟೇಷನ್ನಿನವರು ದಾರಿ ಖಾಲಿ ಇದೆ ಎಂದು ಲೈನ್ ಕ್ಲಿಯರ್ ಕೊಟ್ಟ ಮೇಲೆ ಟೋಕನ್ ಪೆಟ್ಟಿಗೆಯಿಂದ ಒಂದು ಲೋಹದ ಗುಂಡು ಹೊರಬರುತ್ತದೆ. ಅದನ್ನು ಚರ್ಮದ ಚೀಲದಲ್ಲಿಟ್ಟು, ಚೀಲಕ್ಕೆ ದೊಡ್ಡದೊಂದು ಬೆತ್ತದ ಬಳೆ ಸೇರಿಸಿ, ಡ್ರೈವರಿನ ಕೈಗೆ ಕೊಡುತ್ತಾರೆ. ಬಳೆ ಕೈಯಲ್ಲಿದ್ದರೆ ದಾರಿ ನಿನ್ನದು. ಒಂದು ಆಯುಷ್ಯವೆಲ್ಲ ಹೀಗೆ ಕೆಲಸ ಮಾಡಿದವರಿಗೆ, ಬಾವುಟ ಎತ್ತಿದ ಮೇಲೂ ಎದುರಿನಿಂದ ಇನ್ನೊಂದು ಬರಬಹುದು ಎನ್ನುವುದು ತಲೆಗೆ ಹೊಳೆದಿರಲಿಲ್ಲ.

ಟ್ರೇಲರ್ ಹಿಂದಕ್ಕೆ ಹೋಗುವಂತಿರಲಿಲ್ಲ. ಅಷ್ಟುದ್ದದ್ದು ಹಿಂದೆ ಸರಿದರೆ ಗದ್ದೆಗೇ ಇಳಿಯುತ್ತಿತ್ತು. ಬಿಸಿಲು ಇಳಿಯತೊಡಗಿತ್ತು. ತೋಟದಿಂದ ಕ್ರೇನಿನವನು ಫೋನ್ ಮಾಡಿ, ಎಲ್ಲಿದ್ದೀರಿ ಎಂದು ಕೇಳಿದ. ಬಸ್ಸಿನಿಂದ ಇಳಿದವರು ಬೋಗಿಯ ಸುತ್ತ ನಿಂತು, ಇದನ್ನು ಎಲ್ಲಿಂದ ತಂದರು, ರಸ್ತೆಯ ಮೇಲೆ ಯಾಕೆ ಓಡಿಸುತ್ತಿದ್ದಾರೆ ಎಂದು ತಮ್ಮತಮ್ಮಲ್ಲೇ ವಿಚಾರಿಸಿಕೊಳ್ಳುತ್ತಿದ್ದರು.

ಅಪ್ಪ ಬಾವುಟವನ್ನು ಸುತ್ತಿ, ಏರಿಯ ಕಲ್ಲಿನ ಮೇಲೆ ಕೂತರು. ಅವರ ಕೆಲಸದ ಕಾಲದಲ್ಲಿ ಎರಡು ಗಾಡಿಗಳು ಎದುರುಬದುರಾಗಿ ನಿಂತದ್ದು ಒಮ್ಮೆಯೂ ಇಲ್ಲ. ನಾನು ಹತ್ತಿರ ಹೋಗಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು, ಕಾರಿನ ಡಿಕ್ಕಿಯಿಂದ ಬೆತ್ತದ ಬಳೆಯನ್ನು ತೆಗೆದರು. ಚೀಲದಲ್ಲಿ ಗುಂಡು ಇದೆಯೇ ಎಂದು ಅದುಮಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಆ ತುದಿಗೆ ಹೋಗು, ಹೊಸದಾಗಿ ಯಾವ ಗಾಡಿಯನ್ನೂ ಒಳಗೆ ಬಿಡಬೇಡ, ಒಳಗಿರುವುದನ್ನೆಲ್ಲ ಹೊರಗೆ ಕಳಿಸು, ಆಮೇಲೆ ಫೋನ್ ಮಾಡುತ್ತೇನೆ ಎಂದರು.

ಅಪರಿಚಿತರ ಹತ್ತಿರ ಹೋಗಿ ಮಾತಾಡುವುದು ನನಗೆ ಸುಲಭವಲ್ಲ. ತರಗತಿಯಲ್ಲಿ ಮೇಜಿನ ಹಿಂದೆ ನಿಂತು ಮಾತಾಡುವುದು ಬೇರೆ. ಮೊದಲು ಬಸ್ಸಿನ ಡ್ರೈವರು. ದಿನವೂ ನಾನು ಹೋಗುವ ಬಸ್ಸಿನವರೇ. ದಯವಿಟ್ಟು ಬಸ್ಸನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದೆ. ಅವರು ಸ್ಟೀರಿಂಗಿನ ಮೇಲೆ ಮೊಣಕೈ ಊರಿ ನನ್ನನ್ನು ನೋಡಿದರು.

"ಎರಡು ವರ್ಷದಿಂದ ನನ್ ಬಸ್ಸಲ್ಲಿ ಬತ್ತಿದ್ದೀರ ಮೇಡಂ. ಒಂದ್ ದಿನ ಮಾತಾಡಿಲ್ಲ. ಮೊದಲ್ನೇ ಮಾತೇ ಹಿಂದಕ್ಕೆ ಹೋಗು ಅಂತನಾ?"

ಬಸ್ಸಿನಲ್ಲಿದ್ದವರು ನಕ್ಕರು. ನಾನು ಬೋಗಿಯ ವಿಷಯ ಹೇಳಿದೆ: ನಾಳೆ ಬೆಳಗ್ಗೆ ಏನಾಗುತ್ತದೆ, ಕ್ರೇನ್ ಎಷ್ಟು ಹೊತ್ತು ಇರುತ್ತದೆ. ಯೋಚಿಸಿಟ್ಟ ವಾಕ್ಯಗಳು ಯಾವುವೂ ಇರಲಿಲ್ಲ. ಅವರು ಹಿಂದಿನ ಟ್ರಾಕ್ಟರು ಸರಿದರೆ ತಾವೂ ಸರಿಯುತ್ತೇವೆ ಎಂದರು. ಟ್ರಾಕ್ಟರಿನವನು ಕಾರುಗಳ ಕಡೆ ಕೈ ತೋರಿಸಿದ. ಹೀಗೆ ಒಬ್ಬೊಬ್ಬರನ್ನೂ ಕೇಳಿಕೊಳ್ಳುತ್ತಾ ಏರಿಯ ಆ ತುದಿಯವರೆಗೆ ನಡೆದೆ. ಅಲ್ಲಿ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದೆ. ಟೀ ಕುಡಿಯುತ್ತಿದ್ದ ಇಬ್ಬರೂ ನನ್ನನ್ನು ನೋಡಿ ಗಾಬರಿಯಾಗಿ ಗಳ ಹಿಡಿದುಕೊಂಡು ಬಂದರು. ಆ ಗಳವನ್ನೇ ರಸ್ತೆಗೆ ಅಡ್ಡ ಇಟ್ಟೆವು, ಗೇಟಿನ ಹಾಗೆ. ಕಾರುಗಳು ಹಿಂದೆ ಬಂದವು. ಟ್ರಾಕ್ಟರು ಎರಡು ಸಲ ಅಡ್ಡ ತಿರುಗಿ, ಬೈಸಿಕೊಂಡು, ಬಂತು. ಕೊನೆಗೆ ಬಸ್ಸು, ಕಂಡಕ್ಟರು ಹಿಂದೆ ನಿಂತು ಬಡಿಯುತ್ತಾ ಬಡಿಯುತ್ತಾ.

ಫೋನ್ ಬಂತು. ಅಪ್ಪನ ಧ್ವನಿ ಮನೆಯ ಧ್ವನಿಯಾಗಿರಲಿಲ್ಲ.

"ನಮಸ್ಕಾರ. ಬೋಗಿ ಹೊರಡೋಕೆ ತಯಾರಿದೆ. ಲೈನ್ ಕ್ಲಿಯರ್ ಕೊಡ್ತೀರಾ?"

ಅವರು ನನಗೆ ಬಹುವಚನ ಬಳಸಿದ್ದು ಅದೇ ಮೊದಲು. ತಮಾಷೆ ಮಾಡುತ್ತಿರಲಿಲ್ಲ. ನಾನು ಇನ್ನೊಮ್ಮೆ ತಿರುವಿನವರೆಗೆ ನಡೆದು ಹೋಗಿ, ರಸ್ತೆ ಖಾಲಿ ಇರುವುದನ್ನು ಕಣ್ಣಾರೆ ನೋಡಿ, ಆಮೇಲೆ ಉತ್ತರ ಕೊಟ್ಟೆ.

"ಲೈನ್ ಕ್ಲಿಯರ್ ಕೊಟ್ಟಿದ್ದೀನಿ."

"ಪ್ರೈವೇಟ್ ನಂಬರ್?"

ಲೈನ್ ಕ್ಲಿಯರ್ ಕೊಟ್ಟ ಮಾಸ್ಟರು ಅದಕ್ಕೆ ಸಾಕ್ಷಿಯಾಗಿ ಒಂದು ಗುಟ್ಟಿನ ಸಂಖ್ಯೆ ಹೇಳಬೇಕು ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ನನ್ನ ಹತ್ತಿರ ಸಂಖ್ಯೆ ಎಲ್ಲಿತ್ತು? ನಲವತ್ತೇಳು ಎಂದೆ. ಬೆಳ್ಳಿಯ ಪರಮಾಣು ಸಂಖ್ಯೆ. ಬಾಯಿಗೆ ಬಂದದ್ದು ಅದು. ಅಪ್ಪ ನಲವತ್ತೇಳು ಎಂದು ತಿರುಗಿ ಹೇಳಿ ಫೋನ್ ಇಟ್ಟರು. ದೂರದಲ್ಲಿ ಗಾರ್ಡ್ ಮಾವನ ವಿಸಿಲ್ ಕೇಳಿಸಿತು.

ಬೋಗಿ ಮರಗಳ ನಡುವಿನಿಂದ ನಿಧಾನವಾಗಿ ಬಂತು. ಅದರ ಕಿಟಕಿಗಳಲ್ಲಿ ಕೆರೆಯ ಬೆಳಕು ಒಂದಾದ ಮೇಲೊಂದರಂತೆ ದಾಟುತ್ತಿತ್ತು. ಟ್ರೇಲರ್ ಡ್ರೈವರು ಬೆತ್ತದ ಬಳೆಯನ್ನು ಕಿಟಕಿಯಿಂದ ಹೊರಗೆ ಚಾಚಿ ಹಿಡಿದಿದ್ದ. ಹಾಗೆ ಹಿಡಿಯಬೇಕೆಂದು ಅಪ್ಪ ಹೇಳಿಕೊಟ್ಟಿರಬೇಕು. ನಾನು ಕೈ ಒಡ್ಡಿ ತೆಗೆದುಕೊಂಡೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅದರ ಹಿಂದೆ ಚಕ್ರದ ಲಾರಿ, ಗಾರ್ಡ್ ಮಾವ ಮುಖದ ಮೇಲೆ ಒಂದು ಗೆರೆಯನ್ನೂ ಅಲುಗಿಸದೆ ನನಗೆ ಹಸಿರು ಬಾವುಟ ತೋರಿಸುತ್ತಾ ಹೋದರು.

ಇನ್ನು ಬಸ್ಸು ಹೋಗಬಹುದಿತ್ತು. ಅಷ್ಟರಲ್ಲಿ ಅಪ್ಪ ಮತ್ತೆ ಫೋನ್ ಮಾಡಿದರು: ತಮ್ಮ ಕಡೆ ವಾಹನಗಳು ಸಾಲುಗಟ್ಟಿವೆ, ಟೋಕನ್ ತಮ್ಮ ಕೈ ಸೇರದೆ ಒಂದನ್ನೂ ಬಿಡುವುದಿಲ್ಲ. ಅವರ ಹಿಂದಿನ ಹಾರನ್ನುಗಳ ಸದ್ದು ಫೋನಿನಲ್ಲಿ ನನಗೂ ಕೇಳಿಸುತ್ತಿತ್ತು. ಈ ಕಡೆಯ ಕಾರು, ಟ್ರಾಕ್ಟರುಗಳನ್ನೆಲ್ಲ ಮುಂದೆ ಬಿಟ್ಟು, ಕೊನೆಯವರಾದ ಬಸ್ಸಿನ ಡ್ರೈವರಿಗೆ ಬಳೆ ಕೊಟ್ಟೆ. ಆ ತುದಿಯಲ್ಲಿ ಅಪ್ಪ ನಿಂತಿದ್ದಾರೆ, ಅವರ ಕೈಗೇ ಕೊಡಬೇಕು ಎಂದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಂಡಕ್ಟರು ಕೈ ಚಾಚಿದಾಗ ಕೊಡಲಿಲ್ಲ. ತಮ್ಮ ಭುಜಕ್ಕೇ ಹಾಕಿಕೊಂಡು ಗೇರು ಬದಲಿಸಿದರು. ಬಸ್ಸು ಓಡುತ್ತಿರುವಾಗಲೇ ಅವರು ಬಳೆಯನ್ನು ಕೈಗೆ ದಾಟಿಸಿದರು, ಅಪ್ಪ ತಪ್ಪದೆ ಹಿಡಿದರು ಎಂದು ಆಮೇಲೆ ತಿಳಿಯಿತು.

ತೋಟ ಸೇರಿದಾಗ ಬಿಸಿಲು ತೆಂಗಿನ ಗರಿಗಳ ತುದಿಯಲ್ಲಿ ಮಾತ್ರ ಉಳಿದಿತ್ತು. ಹೊರಡುವ ತಯಾರಿಯಲ್ಲಿದ್ದ ಕ್ರೇನಿನವನನ್ನು ತೋಟದ ಹೆಂಗಸು ಎಳನೀರಿನ ಮೇಲೆ ಎಳನೀರು ಕೊಟ್ಟು ಕೂರಿಸಿಕೊಂಡಿದ್ದರು. ಮೊದಲು ಚಕ್ರಗಳು ತುಂಡು ಹಳಿಯ ಮೇಲೆ ಕೂತವು. ಆಮೇಲೆ ಬೋಗಿ ಮೇಲೆದ್ದು, ಒಮ್ಮೆ ಮೆಲ್ಲಗೆ ತಿರುಗಿ, ಒಂದು ಗರಿಗೂ ತಾಗದೆ ಇಳಿಯಿತು. ಕಬ್ಬಿಣಕ್ಕೆ ಕಬ್ಬಿಣ ಕೂತ ಸದ್ದಾಯಿತು. ಅಪ್ಪ ಚಕ್ರದ ಮುಂದೊಂದು, ಹಿಂದೊಂದು ಮರದ ತುಂಡು ಇಟ್ಟರು. ಆಮೇಲೆ ಬೋಗಿ ಹತ್ತಿ, ಕಿಟಕಿಯ ಪಕ್ಕ ಕೂತರು. ಕತ್ತಲಾಗುವವರೆಗೆ ಯಾರೂ ಅವರನ್ನು ಕರೆಯಲಿಲ್ಲ.

ಮರುದಿನ ನಾನು ಎಂದಿನ ಬಸ್ಸಿಗೆ ಹೋದೆ. ಕೆರೆ ಏರಿ ಬಂದಾಗ ಡ್ರೈವರು ಬಸ್ಸು ನಿಧಾನ ಮಾಡಿ, ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಲೈನ್ ಕಿಲಿಯರ್ ಐತಾ ಮೇಡಂ?"

ಇದೆ ಎಂದೆ. ಪಕ್ಕದಲ್ಲಿ ಕೂತಿದ್ದಾಕೆ ಏನದು ಎಂದು ಕೇಳಿದಳು. ಹಳೇಬೀಡು ಬರುವವರೆಗೂ ಅವಳಿಗೆ ಹೇಳುತ್ತಾ ಹೋದೆ. ತೋಟದ ಮುಂದೆ ಬಸ್ಸು ಸಾಗುವಾಗ ಇಬ್ಬರೂ ಬಗ್ಗಿ ನೋಡಿದೆವು. ಬೋಗಿ ಮರಗಳ ಕೆಳಗೆ ನಿಂತಿತ್ತು. ಒಂದು ಕಾರು ಆಗಲೇ ಅದರ ಮುಂದೆ ನಿಂತಿತ್ತು. ಬಾಗಿಲಿನ ಹಿಡಿಕೆಯಿಂದ ಹತ್ತಿರದ ಮರಕ್ಕೆ ಹಗ್ಗ ಕಟ್ಟಿ, ತೋಟದ ಹೆಂಗಸು ಎರಡು ಸೀರೆಗಳನ್ನು ಒಣಹಾಕಿದ್ದರು.

ಅಪ್ಪನಿಗೆ ಕಾರಿನ ವಿಷಯ ಮಾತ್ರ ಹೇಳಿದೆ.