ಫೋನ್ ಎತ್ತುವವರು ಯಾರು?

ಬೆಳಗಿನ ಆರು ಗಂಟೆಗೆ ಇನ್ನೂ ಎರಡು ನಿಮಿಷ ಬಾಕಿ. ಸಣ್ಣ ವಿಮಾನಗಳ ಮೈದಾನದ ಅಂಚಿನಲ್ಲಿರುವ ತಗಡಿನ ಹ್ಯಾಂಗರಿನೊಳಗೆ ಐವತ್ತಾರು ವರ್ಷದ ಹೆಂಗಸೊಬ್ಬರು ಹಳದಿ ವಿಮಾನವೊಂದರ ಬಾಲದ ಗೂಡಿಗೆ ಸೊಂಟದವರೆಗೂ ನುಗ್ಗಿದ್ದಾರೆ. ಹೊರಗೆ ಕಾಣುವುದು ಎರಡು ಕಾಲು, ಒಂದು ಜೊತೆ ಸವೆದ ಚಪ್ಪಲಿ. ಒಳಗಿನಿಂದ ಬರುವ ದನಿ ಮಾತ್ರ ಸ್ಪಷ್ಟ: "ಗಂಟೆ ನೋಡಿ ಹೇಳಿ. ಆರು ಹೊಡೆಯೋವರೆಗೂ ನಾನು ಗುಂಡಿ ಒತ್ತಲ್ಲ."

ಆಪತ್ತಿನ ಬೀಕನ್ ಎಂಬ ಸಾಧನವನ್ನು ಪರೀಕ್ಷಿಸಲು ಪ್ರತಿ ಗಂಟೆಯ ಮೊದಲ ಐದು ನಿಮಿಷ ಮಾತ್ರ ಅನುಮತಿ. ಉಳಿದ ಹೊತ್ತಿನಲ್ಲಿ ಅದು ಕೂಗಿದರೆ ಎಲ್ಲೋ ವಿಮಾನ ಬಿದ್ದಿದೆಯೆಂದೇ ಅರ್ಥ. ಆರು ಹೊಡೆಯುತ್ತದೆ, ಪಕ್ಕದ ರೇಡಿಯೊ ಮೂರು ಸಲ ಕುಯ್ಯೆನ್ನುತ್ತದೆ, ಕಾಲುಗಳು ಹಿಂದಕ್ಕೆ ಸರಿದು, ತಲೆಗೆಲ್ಲ ಧೂಳು ಮೆತ್ತಿಕೊಂಡ ಅವರು ಹೊರಬರುತ್ತಾರೆ. ಮೈದಾನದವರ ಬಾಯಲ್ಲಿ ಇವರು ರೇಡಿಯೊ ಅಕ್ಕ.

ಯಾವ ವಿಮಾನಕ್ಕೆ ಯಾವ ರೇಡಿಯೊ, ಯಾವ ಬೀಕನ್ ಹೊಂದುತ್ತದೆಂದು ಆರಿಸಿ, ಕೂರಿಸಿ, ಸಹಿ ಹಾಕುವುದು ಇವರ ಕೆಲಸ. ಹಳದಿ ವಿಮಾನ ಬೆಳೆಗಳ ಮೇಲೆ ಔಷಧಿ ಸಿಂಪಡಿಸುವುದಕ್ಕೆ ಎರಡು ತಿಂಗಳ ಮಟ್ಟಿಗೆ ಇಂದೇ ಹೊರಡಬೇಕು. ಒಂಬತ್ತರೊಳಗೆ ಮೇಲೇಳದಿದ್ದರೆ ಆ ಕೆಲಸ ಬೇರೊಬ್ಬ ಪೈಲಟ್‌ನ ಪಾಲು. ಎಲ್ಲವೂ ಸಿದ್ಧ, ಅಕ್ಕನ ಸಹಿ ಮಾತ್ರ ಬಿದ್ದಿಲ್ಲ. ನೋಂದಣಿಯ ಕಾಗದದಲ್ಲಿ ಒಂದು ಸಾಲು ಖಾಲಿಯಿದೆ: ಬೀಕನ್ ಕೂಗಿದಾಗ ರಕ್ಷಣಾ ಕಚೇರಿಯವರು ಯಾರಿಗೆ ಫೋನ್ ಮಾಡಬೇಕು?

ಅಕ್ಕ ಈ ವಿದ್ಯೆ ಕಲಿತದ್ದು ಸೋದರಮಾವನ ರೇಡಿಯೊ ರಿಪೇರಿ ಅಂಗಡಿಯಲ್ಲಿ. ಇಪ್ಪತ್ತೆಂಟು ವರ್ಷಗಳ ಹಿಂದೆ, ಕೆಟ್ಟು ನಿಂತ ಒಂದು ವಿಮಾನದ ರೇಡಿಯೊ ನೋಡಲೆಂದು ಮಾವನ ಬದಲಿಗೆ ಇಲ್ಲಿಗೆ ಬಂದರು. "ಒಂದು ದಿನದ ಕೆಲಸ ಅಂತ ಬಂದೆ. ಆ ದಿನ ಇನ್ನೂ ಮುಗಿದಿಲ್ಲ," ಎನ್ನುತ್ತಾರೆ. ಪರೀಕ್ಷೆಗಳಿಗೆ ಕೂತು ಪರವಾನಗಿ ಪಡೆದದ್ದು ಆಮೇಲೆ. ಪರವಾನಗಿ ಗೋಡೆಗೇರಿದ ಮೇಲೂ ಪೈಲಟ್‌ಗಳ ಕಣ್ಣಿಗೆ ಇವರು ಬೀಳುತ್ತಿರಲಿಲ್ಲವಂತೆ. "ರೇಡಿಯೊ ನೋಡೋರು ಎಲ್ಲಿ ಅಂತ ನನ್ನನ್ನೇ ಕೇಳೋರು. ಒಳಗಿದ್ದಾರೆ, ಹೋಗಿ ಅಂತ ಕಳಿಸಿ, ಹಿಂದಿನ ಬಾಗಿಲಿಂದ ನಾನೇ ಒಳಗೆ ಹೋಗಿ ಕೂತ್ಕೋತಿದ್ದೆ."

ಈಗ ನಲವತ್ತೊಂದು ವಿಮಾನಗಳು ಇವರ ಸುಪರ್ದಿನಲ್ಲಿವೆ. ದಿನಕ್ಕೆ ಮೂರೋ ನಾಲ್ಕೋ ಬಾಲದ ಗೂಡುಗಳಿಗೆ ನುಗ್ಗಬೇಕು. ಬೆನ್ನು ಹಿಡಿದುಕೊಂಡು ಹತ್ತು ವರ್ಷವಾಯಿತು. ಎಡ ಮೊಣಕೈ ಮಡಚಿದರೆ ಪೂರ್ತಿ ಬಿಡಿಸಲಾಗದು. ಪತಿ ತೀರಿಕೊಂಡ ಮೇಲೆ ಮನೆಯಲ್ಲಿರುವುದು ಇವರು ಮತ್ತು ಎಂಬತ್ತೊಂದರ ಅತ್ತೆ, ಇಬ್ಬರೇ.

ರೇಡಿಯೊ ಆರಿಸುವ ಇವರ ರೀತಿಯೂ ಬೇರೆ. ಬಣ್ಣದ ಚಿತ್ರಗಳ ಪುಸ್ತಕವನ್ನು ಪಕ್ಕಕ್ಕಿಟ್ಟು, ಪೈಲಟ್‌ನನ್ನು ಅವನ ಕುರ್ಚಿಯಲ್ಲೇ ಕೂರಿಸಿ, ಕೈಗವಸು ತೊಡಿಸಿ, ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿಕೊಂಡು ಗುಂಡಿ ತಿರುಗಿಸೆನ್ನುತ್ತಾರೆ. ಹಳದಿ ವಿಮಾನದವನಿಗೆ ಬೆರಳು ಸವರುವ ಹೊಳೆಯುವ ಪರದೆಯ ಮೇಲೆ ಮನಸ್ಸಿತ್ತು. ಔಷಧಿ ಮೆತ್ತಿದ ಕೈಗವಸಿಗೆ ಪರದೆ ಓಗೊಡಲಿಲ್ಲ. ದಪ್ಪ ಗುಂಡಿಗಳ ಸಾದಾ ರೇಡಿಯೊ ಬಂದು ಕೂತಿತು.

ಬೀಕನ್ ವಿಷಯದಲ್ಲಿ ಅಕ್ಕ ಇನ್ನೂ ಕಟ್ಟುನಿಟ್ಟು. ವಿಮಾನದಲ್ಲಿದ್ದದ್ದು ಹಳೆಯ ಮಾದರಿ. "ಅದು ಕೂಗೋದೇನೋ ಕೂಗತ್ತೆ. ಮೇಲಿರೋ ಉಪಗ್ರಹಗಳು ಆ ಕಡೆ ಕಿವಿ ಕೊಡೋದನ್ನ ಯಾವತ್ತೋ ಬಿಟ್ಟಿವೆ," ಎಂದು ಅದನ್ನು ಕಿತ್ತುಹಾಕಿದರು. ಹೊಸದು ಕೂಗುವಾಗ ತಾನು ಯಾವ ವಿಮಾನದ್ದೆಂಬ ಗುರುತನ್ನೂ ಹೇಳುತ್ತದೆ. ಅದರ ಮೈಮೇಲಿನ ಬಾಣ ವಿಮಾನದ ಮೂತಿಯ ಕಡೆಗೇ ಇರಬೇಕು. ಆಂಟೆನಾದ ತಂತಿ ಬಿಗಿಯಾಗದೆ ತುಸು ಸಡಿಲವಿರಬೇಕು, ಇಲ್ಲವಾದರೆ ವಿಮಾನ ಬಿದ್ದ ಏಟಿಗೆ ಮೊದಲು ಹರಿಯುವುದೇ ಅದು. ಇವೆಲ್ಲ ಪುಸ್ತಕದಲ್ಲಿವೆ. ಫೋನಿನ ಸಾಲನ್ನು ಹೇಗೆ ತುಂಬಿಸಬೇಕೆಂಬುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಅದನ್ನು ಅಕ್ಕನಿಗೆ ಕಲಿಸಿದವರು ಮೈದಾನದವರೆಲ್ಲ ಪೆಟ್ರೋಲ್ ಮಾವ ಎಂದು ಕರೆಯುವ ಹಿರಿಯರು. ಈಗ ವಿಮಾನಗಳಿಗೆ ಇಂಧನ ತುಂಬುವ ಇವರು ಹಿಂದೆ ಸ್ವತಃ ಪೈಲಟ್. ಬೀಕನ್ ಕಾಗದದಲ್ಲಿ ತಮ್ಮದೇ ನಂಬರ್ ಬರೆದು ಹಾರಿದವರು ಜೌಗಿನಲ್ಲಿ ಬಿದ್ದರು. ಬೀಕನ್‌ಗಳ ಕೂಗಿನಲ್ಲಿ ಮುಕ್ಕಾಲು ಪಾಲು ಸುಳ್ಳು ಕೂಗಾದ್ದರಿಂದ ಕಚೇರಿಯವರು ಮೊದಲು ಫೋನ್ ಮಾಡಿ ವಿಚಾರಿಸುತ್ತಾರೆ. "ನನ್ನ ಜೇಬಲ್ಲೇ ಫೋನು ಬಡ್ಕೋತಿತ್ತು. ಎರಡು ಕೈಯೂ ಸಿಕ್ಕಿಹಾಕ್ಕೊಂಡಿತ್ತು. ನೀನು ಬಿದ್ದಿದ್ದೀಯಾ ಅಂತ ಬಿದ್ದೋನನ್ನೇ ಕೇಳೋಕೆ ಹೊರಟಿದ್ರು," ಎಂದು ಮಾವ ಈಗ ನಗುತ್ತಾರೆ. ನಡೆಯುವಾಗ ಬಲಗಾಲು ಎಳೆಯುತ್ತದೆ. ಫೋನ್ ಎತ್ತುವವರಿಲ್ಲದೆ, ಹುಡುಕುವವರು ಹೊರಟದ್ದು ನಾಲ್ಕು ಗಂಟೆ ತಡವಾಗಿ.

ಆ ಕಾಗದಕ್ಕೂ ಸಹಿ ಹಾಕಿದವರು ಅಕ್ಕನೇ. "ನಂಬರ್ ಇದೆಯಾ ಅಂತ ನೋಡಿದ್ದೆ. ಯಾರದ್ದು ಅಂತ ನೋಡಿರಲಿಲ್ಲ," ಎಂದಷ್ಟೇ ಹೇಳಿ ಸ್ಕ್ರೂಡ್ರೈವರ್ ಒರೆಸತೊಡಗುತ್ತಾರೆ. ಅಂದಿನಿಂದ ಕೊಟ್ಟ ನಂಬರಿಗೆಲ್ಲ ತಾವೇ ಫೋನ್ ಮಾಡಿ ನೋಡುವುದು ಇವರ ಪರಿಪಾಠ. ಎತ್ತದಿದ್ದರೆ ಸಹಿಯಿಲ್ಲ.

ಆರೂಕಾಲಿಗೆ ಹಳದಿ ವಿಮಾನದ ಪೈಲಟ್ ಬರುತ್ತಾನೆ. ನಲವತ್ತರ ಆಸುಪಾಸಿನ, ಮಿತಭಾಷಿ ಮನುಷ್ಯ. ಹೆಗಲಿನ ಚೀಲವನ್ನು ಮೇಜಿನ ಮೇಲಿಟ್ಟು ಚೀಟಿಯೊಂದನ್ನು ಮುಂದೆ ಸರಿಸುತ್ತಾನೆ. "ನಮ್ಮ ಚಿಕ್ಕಪ್ಪನ ಮಗನದ್ದು, ಅಕ್ಕ."

ಅಕ್ಕ ಅಂಕಿಗಳನ್ನು ಒತ್ತುತ್ತಾರೆ. ಮೇಜಿನ ಮೇಲಿನ ಚೀಲದೊಳಗೆ ಫೋನೊಂದು ಗಂಟೆ ಬಾರಿಸುತ್ತದೆ.

ಬಾಗಿಲಲ್ಲಿ ನಿಂತ ಪೆಟ್ರೋಲ್ ಮಾವ ಕೆಮ್ಮುತ್ತಾರೆ. "ಚಿಕ್ಕಪ್ಪನ ಮಗನ್ನ ಚೀಲದಲ್ಲೇ ಹಾಕ್ಕೊಂಡು ಓಡಾಡ್ತೀಯೇನೋ?"

ಪೈಲಟ್ ನಗುವುದಿಲ್ಲ. "ಇನ್ನೇನು ಮಾಡ್ಲಿ? ಅಪ್ಪ ಅಮ್ಮ ಇಲ್ಲ. ಅಣ್ಣ ನನ್ನ ನಂಬರ್ ನೋಡಿದ್ರೆ ಕಟ್ ಮಾಡ್ತಾನೆ. ಅದಕ್ಕೇ ಇನ್ನೊಂದು ಫೋನ್ ತಗೊಂಡೆ. ನೀವು ಸಹಿ ಹಾಕಿಬಿಡಿ ಅಕ್ಕ. ನಾನು ಬೀಳಲ್ಲ."

"ಮಾವನೂ ಹಾಗೇ ಅಂದಿದ್ರು ಕಣಪ್ಪ."

"ನಿಮ್ಮ ನಂಬರೇ ಬರೆದುಬಿಡಿ ಹಾಗಾದ್ರೆ."

"ನಂದು ಆಗಲ್ಲ. ಬಾಲದೊಳಗೆ ತೂರಿಕೊಂಡಾಗ ಫೋನು ಸಾಮಾನಿನ ಡಬ್ಬಿಯಲ್ಲಿರತ್ತೆ. ಮಾವನ ಕೈಲಿ ಹತ್ತು ಸಲ ಮಾಡಿಸಿ ನೋಡಿದೀನಿ, ಎತ್ತಿದ್ದು ಮೂರು ಸಲ. ನನ್ನ ಪರೀಕ್ಷೇಲಿ ನಾನೇ ಫೇಲು."

ಪೈಲಟ್ ಗಡಿಯಾರ ನೋಡುತ್ತಾನೆ. ಸುಳ್ಳು ಸಾಲಿನೊಂದಿಗೆ ಹಾರಿದರೆ ಬಿದ್ದ ದಿನ ವಿಚಾರಿಸುವವರಿಲ್ಲ. ಹಾರದೆ ಉಳಿದರೆ ವರ್ಷದ ದುಡಿಮೆಯಿಲ್ಲ. ಅಕ್ಕ ಮತ್ತೆ ಫೋನ್ ಕೈಗೆತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಡುತ್ತಾರೆ. ಮೊದಲ ರಿಂಗ್ ಪೂರ್ತಿಯಾಗುವುದಕ್ಕೂ ಬಿಡದೆ ಆ ಕಡೆಯವರು ಎತ್ತುತ್ತಾರೆ.

"ಏನಮ್ಮ, ಕನ್ನಡಕ ಮರೆತು ಹೋದ್ಯಾ?"

"ಇಲ್ಲ ಅತ್ತೆ. ಇಲ್ಲೊಬ್ಬ ಪೈಲಟ್ ಇದ್ದಾನೆ. ಅವನ ವಿಮಾನಕ್ಕೆ ಏನಾದ್ರೂ ಆದ್ರೆ ಫೋನ್ ಎತ್ತೋರು ಯಾರೂ ಇಲ್ಲ. ನಿಮ್ಮ ನಂಬರ್ ಬರೀಲಾ?"

"ಬರಿ. ಆದ್ರೆ ಎತ್ತಿ ಏನಂತ ಹೇಳ್ಲಿ? ಅವನು ಎಲ್ಲಿಗೆ ಹೋದ, ಎಷ್ಟು ಹೊತ್ತಿಗೆ ಬರ್ತಾನೆ, ಒಂದೂ ಗೊತ್ತಿಲ್ದೆ? ಕೊಡು ಅವನಿಗೆ."

ಪೈಲಟ್ ಮೇಜಿನ ಕಡೆಗೆ ಬಾಗುತ್ತಾನೆ. ಎಲ್ಲಿಗೆ, ಯಾವ ಹೊತ್ತಿಗೆ, ಎಷ್ಟು ಸುತ್ತು, ಏನಾದರೂ ತಿಂದೆಯಾ ಎಂಬ ಪ್ರಶ್ನೆಗಳಿಗೆಲ್ಲ ಶಾಲೆಯ ಹುಡುಗನಂತೆ ಉತ್ತರಿಸುತ್ತಾನೆ. ಮೇಲೇಳುವ ಮುನ್ನ ಒಂದು ಫೋನ್, ಇಳಿದ ಮೇಲೆ ಒಂದು ಫೋನ್ ಎಂದು ತೀರ್ಮಾನವಾಗುತ್ತದೆ. "ಹೇಳಿದ ಹೊತ್ತು ದಾಟಿ ಕಾಲು ಗಂಟೆ ನೋಡ್ತೀನಿ. ಆಮೇಲೆ ಆ ರಕ್ಷಣಾ ಕಚೇರಿಯೋರು ಮಾಡೋ ತನಕ ಸುಮ್ನಿರಲ್ಲ, ನಾನೇ ಅವರಿಗೆ ಮಾಡ್ತೀನಿ," ಎನ್ನುತ್ತದೆ ಫೋನು.

ಅಕ್ಕ ಕಾಗದ ಎಳೆದುಕೊಂಡು ಅಂಕಿಗಳನ್ನು ದುಂಡಗೆ ಬರೆಯುತ್ತಾರೆ. ನಂಬರಿನ ಪಕ್ಕದ ಚೌಕದಲ್ಲಿ ಸಂಬಂಧವೇನೆಂದು ಕೇಳಿದೆ. ಲೇಖನಿ ಅಲ್ಲಿ ನಿಲ್ಲುತ್ತದೆ.

"ಅತ್ತೆ, ಸಂಬಂಧ ಅಂತ ಕೇಳಿದಾರೆ. ಅಜ್ಜಿ ಅಂತ ಹಾಕ್ಲಾ?"

"ಸುಳ್ಳು ಯಾಕೆ ಬರೀತೀಯ? ಕಾಯೋರು ಅಂತ ಬರಿ."

ಅಕ್ಕ ಹಾಗೆಯೇ ಬರೆದು, ಕೆಳಗೆ ಸಹಿ ಹಾಕಿ, ತಾರೀಖು ನಮೂದಿಸುತ್ತಾರೆ. ಪೈಲಟ್ ಆ ಚೌಕವನ್ನು ಎರಡು ಸಲ ಓದಿಕೊಳ್ಳುತ್ತಾನೆ. "ಇದೆಂಥ ಸಂಬಂಧ ಅಂತ ಕಚೇರಿಯೋರು ತಕರಾರು ತೆಗೆದ್ರೆ, ಅಕ್ಕ?"

"ತೆಗೀಲಿ. ಫೋನ್ ಮಾಡಿ ಕೇಳ್ಲಿ," ಎನ್ನುತ್ತಾರೆ ರೇಡಿಯೊ ಅಕ್ಕ. "ಅತ್ತೆ ಎತ್ತುತ್ತಾರೆ."