ಎಲೆತೋಟದ ಭರಮವ್ವ ಫೋನಿನಲ್ಲಿ ಕೇಳಿದ್ದು

ಸವಣೂರಿನ ಎಲೆತೋಟದಲ್ಲಿ ವೀಳ್ಯದೆಲೆ ಕೊಯ್ಯುವ ಭರಮವ್ವನಿಗೆ ಡಾಕ್ಟರ ಹೆದರಿಕೆ ಇರಲಿಲ್ಲ. ಇದ್ದದ್ದೆಲ್ಲ ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರ ಹೆದರಿಕೆ. ಅಲ್ಲಿ ಒಬ್ಬಳು ಕೆಮ್ಮಿದರೆ ಸಂಜೆಯೊಳಗೆ ಓಣಿಯವರೆಲ್ಲ ಸೇರಿ ಅವಳಿಗೆ ಕ್ಷಯ ಅಂಟಿಸಿರುತ್ತಾರೆ. ನಮ್ಮೂರ ಬಾಯಿ ನನಗೂ ಗೊತ್ತು.

ಅವಳಿಗೆ ಮುಟ್ಟು ನಿಂತು ವರ್ಷಗಳೇ ಆಗಿದ್ದವು. ಈ ಮಳೆಗಾಲದಲ್ಲಿ ಮತ್ತೆ ರಕ್ತ ಕಾಣಿಸಿಕೊಂಡಿತು, ನಿಲ್ಲಲೇ ಇಲ್ಲ. ಬೇರೆ ಕೂಲಿಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಎಲೆತೋಟಕ್ಕೆ ಮುಟ್ಟಾದವಳು ಇಳಿಯಬಾರದು, ಇಳಿದರೆ ಬಳ್ಳಿ ಸಾಯುತ್ತದೆ ಎಂಬ ನಂಬಿಕೆ. ತೋಟದ ಒಡತಿ ಮುದಕವ್ವ ಈ ವಿಷಯದಲ್ಲಿ ಬಲು ಬಿಗಿ. ಮುಟ್ಟು ನಿಂತವಳೆಂದೇ ಭರಮವ್ವನಿಗೆ ವರ್ಷವಿಡೀ ಕೆಲಸ ಕೊಟ್ಟಿದ್ದಳು. ಭರಮವ್ವ ಬಾಯಿ ಮುಚ್ಚಿಕೊಂಡು ದಿನಾ ಇಳಿದಳು. ಅಷ್ಟರಲ್ಲಿ ಮೂಲೆಯ ಬಳ್ಳಿಗಳು ಹಳದಿಯಾಗಿ ಕೊಳೆಯತೊಡಗಿದವು. ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮುದಕವ್ವ ಕರೆದಾಗಲೆಲ್ಲ ಗುಟ್ಟು ಗೊತ್ತಾಯಿತೆಂದೇ ಅಂದುಕೊಳ್ಳುತ್ತಿದ್ದಳು.

ಮನೆಮನೆಗೆ ಬರುವ ನರ್ಸ್ ಜಯಾ ಒಂದು ದಿನ, ಊರಿನ ಆರೋಗ್ಯ ಉಪಕೇಂದ್ರದಲ್ಲಿ ಬಾಗಿಲು ಹಾಕಿಕೊಂಡು ದೂರದ ಹೆಣ್ಣು ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಬಹುದು ಎಂದಳು. ಆ ಡಾಕ್ಟರು ಎಂದಾದರೂ ಸವಣೂರಿನ ಸಂತೆಗೆ ಬರುತ್ತಾರೇನು ಎಂದು ಭರಮವ್ವ ಕೇಳಿದಳು. ಬರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೋದಳು. ಸಮಯ ಉಳಿಯುತ್ತದೆ, ಬಸ್ಸಿನ ಖರ್ಚು ಉಳಿಯುತ್ತದೆ ಎಂದು ಗೋಡೆಗೆ ಹಚ್ಚಿದ ಹಾಳೆ ಏನೇ ಹೇಳಲಿ, ಅವಳನ್ನು ಅಲ್ಲಿಗೆ ಎಳೆದದ್ದು ಆ ಬಾಗಿಲಿನ ಚಿಲಕ.

ಮೂಗಿನವರೆಗೆ ಸೆರಗು ಎಳೆದುಕೊಂಡು ಫೋನಿನೆದುರು ಕೂತಳು. ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಕೊನೆಗೆ ತನ್ನ ಪ್ರಶ್ನೆ ಹೊರಗೆ ಹಾಕಿದಳು.

"ಬಳ್ಳಿ ನನ್ನ ಸಲುವಾಗಿನ ಸಾಯಾಕತ್ತಾವೇನ್ರಿ?"

ಡಾಕ್ಟರಿಗೆ ತಿಳಿಯಲಿಲ್ಲ. ಜಯಾ ಬಿಡಿಸಿ ಹೇಳಿದಳು. ಆ ಡಾಕ್ಟರು ನಗಲಿಲ್ಲ, ಅದಕ್ಕಾದರೂ ಅವರಿಗೆ ಕೈ ಮುಗಿಯಬೇಕು. ರಕ್ತಕ್ಕೂ ಬಳ್ಳಿಗೂ ಸಂಬಂಧವಿಲ್ಲ ಎಂದರು. ಆದರೆ ಈ ವಯಸ್ಸಿನಲ್ಲಿ ರಕ್ತ ಹೋಗುವುದು ಸಣ್ಣ ಮಾತಲ್ಲ, ಕ್ಯಾನ್ಸರ್ ಹೌದೋ ಅಲ್ಲವೋ ಫೋನಿನಲ್ಲಿ ಹೇಳಲಾಗದು, ನಾಳೆಯೇ ಹಾವೇರಿಯ ದೊಡ್ಡಾಸ್ಪತ್ರೆಗೆ ಹೋಗಿ ಗರ್ಭಕೋಶದ ಪರೀಕ್ಷೆ ಮಾಡಿಸಿ ಎಂದರು. ಯಾರ ಕಣ್ಣಿಗೂ ಬೀಳಬಾರದೆಂದು ಬಂದವಳಿಗೆ ಇದು ನುಂಗಲಾರದ ತುತ್ತಾಯಿತು.

ಮರುದಿನ ಬೆಳಿಗ್ಗೆ ತೋಟದ ಬೇಲಿಯ ಹೊರಗೇ ನಿಂತು ಮುದಕವ್ವನನ್ನು ಕರೆದಳು. ಸುಳ್ಳು ಹೇಳಿ ಒಂದು ದಿನ ಸೂಟಿ ಪಡೆಯಬಹುದಿತ್ತು, ಆದರೆ ಆಸ್ಪತ್ರೆಯ ಅಲೆದಾಟ ಒಂದು ದಿನಕ್ಕೆ ಮುಗಿಯುವುದಲ್ಲ. ರಕ್ತದ ವಿಷಯ, ಹಾಗೆಯೇ ತೋಟಕ್ಕೆ ಇಳಿದದ್ದು, ಉಪಕೇಂದ್ರದ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡಿದ್ದು, ಕ್ಯಾನ್ಸರಿನ ಅಂಜಿಕೆ ಎಲ್ಲ ಹೇಳಿ, ಕೆಲಸ ಹೋಯಿತೆಂದುಕೊಂಡೇ ತಲೆ ತಗ್ಗಿಸಿ ನಿಂತಳು.

ಮುದಕವ್ವ ಬೈಯಲಿಲ್ಲ. ಅತ್ತಿತ್ತ ನೋಡಿ ಬೇಲಿಯ ಹತ್ತಿರ ಬಂದಳು.

"ಬಾಗಲಾ ಖರೇನ ಹಾಕ್ತಾರೇನ?"

"ಹಾಕ್ತಾರ್ರಿ ಅವ್ವಾರ. ಜಯಾ ಬಿಟ್ರ ಯಾರೂ ಇರಂಗಿಲ್ಲ."

"ಹಂಗಾರ ನನ್ನೂ ಕರಕೊಂಡ ಹೋಗ." ಮುದಕವ್ವ ದನಿ ತಗ್ಗಿಸಿದಳು. "ಎದಿಯಾಗ ಗಂಟ ಐತಿ. ವರ್ಷಾತು, ಮಗಳಿಗೂ ಹೇಳಿಲ್ಲ."

ಭರಮವ್ವ ತಲೆ ಎತ್ತಿದಳು.

"ಗಂಟಿಗೆ ಫೋನ್ ಸಾಲಂಗಿಲ್ರಿ ಅವ್ವಾರ. ಈಗ ನನ್ನ ಜೋಡಿ ಹಾವೇರಿ ಬಸ್ಸ ಹತ್ರಿ."